ಒಂದು ದಿನಕ್ಕೆ ಎಷ್ಟು ಸೆಂಟಿಮೀಟರು

ಮಲೇಷ್ಯಾದಲ್ಲಿ ನಾನಿರುವ ಸುಬಾಂಗ್ ಜಯಾದಿಂದ ಸೈಕಲ್ ತುಳಿದುಕೊಂಡು ಹೊರಡುವವರಿಗೆ ಮೊಟ್ಟಮೊದಲು ಬೇಕಾಗುವ ದಾರಿಯೇ ರಸ್ತೆ ನಕ್ಷೆಗಳಲ್ಲಿ ಕಾಣುವುದಿಲ್ಲ. ಊರಿನ ಒಂದು ಮಗ್ಗುಲಿಗೆ ಫೆಡರಲ್ ಹೈವೇ, ಇನ್ನೊಂದು ಮಗ್ಗುಲಿಗೆ ಶಾ ಆಲಂ ಎಕ್ಸ್‌ಪ್ರೆಸ್‌ವೇ. ಎರಡನ್ನೂ ನಕ್ಷೆಯವರು ದಪ್ಪ ಗೆರೆಯಲ್ಲಿ ಎಳೆದಿರುತ್ತಾರೆ. ಸೈಕಲ್ಲಿನವರು ನೋಡಿದರೆ ಇಲ್ಲಿಗೆ ನಮ್ಮ ಪ್ರವಾಸ ಮುಗಿಯಿತು ಅಂದುಕೊಳ್ಳಬೇಕು. ಆದರೆ ಆ ದಪ್ಪ ಗೆರೆಯ ಪಕ್ಕದಲ್ಲೇ ಮೋಟರ್ ಸೈಕಲ್ಲುಗಳಿಗೆಂದು ಬೇರೆಯೇ ಒಂದು ಕಿರುದಾರಿ ಇದೆ. ಫೆಡರಲ್ ಹೈವೇಯ ಪಕ್ಕದ್ದು 1970ರ ದಶಕದಷ್ಟು ಹಳೆಯದು. ಅದಕ್ಕೆ ಅದರದೇ ತಿರುವುಗಳು, ಕೂಡುರಸ್ತೆ ಬಂದಲ್ಲಿ ಕೆಳಗಿನಿಂದ ನುಸುಳುವ ಅದರದೇ ಸುರಂಗಗಳು. ಮಳೆ ಬಂದಾಗ ಬೈಕಿನವರೆಲ್ಲ ಮೇಲ್ಸೇತುವೆಯ ಅಡಿಯಲ್ಲಿ ಸಾಲಾಗಿ ನಿಂತು ಕಾಯುತ್ತಾರೆ. ಕ್ಲಾಂಗ್ ಕಡೆಗೆ ಹೋಗುವ ಸೈಕಲ್ಲಿನವರೂ ಈ ದಾರಿಯನ್ನೇ ಹಿಡಿಯುತ್ತಾರೆ. ಕಾರಿನವರಿಗಾಗಿ ಬರೆದ ನಕ್ಷೆಗೆ ಇದರ ಗೊಡವೆ ಇಲ್ಲ.

ಹೀಗಾಗಿ ನಕ್ಷೆ ಆರಿಸುವುದೂ ಪ್ರವಾಸದ ಒಂದು ಭಾಗವೇ ಅಂತ ನಾನು ತಿಳಿದಿದ್ದೇನೆ. ಟೈರು, ಟ್ಯೂಬು, ಬ್ಯಾಗುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ನಕ್ಷೆಯ ಮಾತು ಬಂದಾಗ ಸಿಕ್ಕಿದ್ದು ಸಾಕು ಅಂದುಬಿಡುತ್ತಾರೆ. ಸಿಕ್ಕಿದ್ದು ಸಾಲುವುದಿಲ್ಲ.

ಈ ಸಲ ನಾವು ಅಂದುಕೊಂಡಿರುವ ದಾರಿ ಹೀಗಿದೆ. ಕ್ಲಾಂಗ್ ದಾಟಿ, ಪಶ್ಚಿಮ ಕರಾವಳಿಯ ಗುಂಟ ಕ್ವಾಲಾ ಸೆಲಂಗೋರ್, ಸೆಕಿಂಚಾನ್. ಅಲ್ಲಿಂದ ಉತ್ತರಕ್ಕೆ ತೈಪಿಂಗ್. ಗೆರಿಕ್‌ನಲ್ಲಿ ಪೂರ್ವಕ್ಕೆ ತಿರುಗಿ ಬೆಟ್ಟಸಾಲು ದಾಟಿ ಕೋಟಾ ಬಾರು. ಆಮೇಲೆ ದಕ್ಷಿಣ ಚೀನಾ ಸಮುದ್ರದ ಪಕ್ಕದಲ್ಲೇ ಇಳಿದು ಕ್ವಾಂತಾನ್. ಜೊತೆಗೆ ಬರುವವನು ದಾವಣಗೆರೆಯ ಹುಡುಗ, ಕಂಪ್ಯೂಟರ್ ಕೆಲಸದವನು. ನಮ್ಮೂರಿನ ಎಸ್‌ಎಸ್15 ಬಡಾವಣೆಯ ಮಾಮಕ್ ಹೋಟೆಲಿನಲ್ಲಿ ರೋಟಿ ಚನಾಯ್ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ನಾನು ನಕ್ಷೆ ಬಿಡಿಸಿದಾಗ ಅವನು ಕೇಳಿದ: "ಅಣ್ಣಾ, ಫೋನ್ ಐತೆ, ಪವರ್ ಬ್ಯಾಂಕ್ ಐತೆ. ಈ ಚಾಪೆ ಯಾಕೆ ಹೊತ್ಕೊಂಡು ಹೋಗ್ಬೇಕು?"

ಚಾಪೆಯಷ್ಟು ಅಗಲ ಇದೆ ಎನ್ನುವುದೇ ಅದರ ಗುಣ. ಫೋನಿನ ಪರದೆಯಲ್ಲಿ ಸಣ್ಣ ರಸ್ತೆ ಕಾಣಬೇಕಾದರೆ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಎಳೆದುಕೊಂಡರೆ ನಾವು ಯಾವ ಸೀಮೆಯಲ್ಲಿದ್ದೇವೆ ಅನ್ನುವುದು ಮರೆಯಾಗುತ್ತದೆ. ದೂರಕ್ಕೆ ಸರಿಸಿದರೆ ಸೀಮೆ ಕಾಣುತ್ತದೆ, ಸಣ್ಣ ರಸ್ತೆ ಅಳಿಸಿಹೋಗುತ್ತದೆ. ಸೈಕಲ್ಲಿನವರು ಮಾಡಬೇಕಾದ ತೀರ್ಮಾನಕ್ಕೆ ಎರಡೂ ಒಟ್ಟಿಗೆ ಕಣ್ಣೆದುರು ಇರಬೇಕು. ಇಂದು ಸಂಜೆ ತಂಗುವ ಊರು ಯಾವುದು, ಅಲ್ಲಿಗೆ ಮುಟ್ಟಲಾಗದಿದ್ದರೆ ಅದಕ್ಕಿಂತ ಮುಂಚಿನ ಊರು ಯಾವುದು, ನಾಳೆಯ ಏರು ಎಲ್ಲಿ ಶುರುವಾಗುತ್ತದೆ, ಆ ಏರನ್ನು ಬೆಳಗ್ಗೆ ಎದುರಿಸಬೇಕೋ ಸಂಜೆಯೋ? ಫೋನು ಮುಂದಿನ ತಿರುವನ್ನು ಹೇಳುತ್ತದೆ. ಅದನ್ನು ನಾನೂ ಒಯ್ಯುತ್ತೇನೆ, ರಾತ್ರಿ ಹೊತ್ತು ಕೋಣೆ ಹುಡುಕಲು ಅದಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ದಿನಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡುವ ಕೆಲಸ ಮಾತ್ರ ಕಾಗದದ ಮೇಲೆಯೇ ಆಗಬೇಕು. ಇಬ್ಬರು ಸೇರಿ ನೋಡುವುದಕ್ಕೂ, ಬೆರಳಿಟ್ಟು ಜಗಳ ಆಡುವುದಕ್ಕೂ ಕಾಗದವೇ ಸರಿ.

ನಕ್ಷೆ ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಸ್ಕೇಲು. ಒಂದು ಲೆಕ್ಕ ಸುಲಭವಾಗಿದೆ: ನನ್ನ ಒಂದು ದಿನ ಈ ಕಾಗದದ ಮೇಲೆ ಎಷ್ಟು ಸೆಂಟಿಮೀಟರು? ಹಿಂದೆ ಸಾಮಾನು ಹೇರಿಕೊಂಡು, ಈ ನೆಲದ ಬಿಸಿಲು ಸೆಕೆಯಲ್ಲಿ, ನಡುವೆ ಎಳನೀರು ಕುಡಿದು, ಮಧ್ಯಾಹ್ನದ ಮಳೆಗೆ ನಿಂತು ಹೋಗುವವನಿಗೆ ದಿನಕ್ಕೆ 75 ಕಿಲೋಮೀಟರ್ ಹದವಾದ ದೂರ. ಇಡೀ ಮಲೇಷ್ಯಾವನ್ನು 1:15,00,000 ಸ್ಕೇಲಿನಲ್ಲಿ ತೋರಿಸುವ ನಕ್ಷೆಗಳಿವೆ. ಅದರಲ್ಲಿ ಒಂದು ಸೆಂಟಿಮೀಟರು ಅಂದರೆ 15 ಕಿಲೋಮೀಟರ್. ನನ್ನ ದಿನ 5 ಸೆಂಟಿಮೀಟರಿನಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಎರಡು ಊರಿನ ಹೆಸರು ಬರೆಯಲೂ ಜಾಗ ಸಾಲದು. ಮ್ಯೂನಿಕ್ಕಿನ ನೆಲ್ಲೆಸ್ ಪ್ರಕಾಶನದವರು ಮಲೇಷ್ಯಾದ ಪರ್ಯಾಯದ್ವೀಪದ ಭಾಗವನ್ನು ಬೇರೆಯಾಗಿ 1:6,50,000ದಲ್ಲಿ ಮುದ್ರಿಸಿದ್ದಾರೆ. ಅದರಲ್ಲಿ ದಿನಕ್ಕೆ ಹನ್ನೊಂದೂವರೆ ಸೆಂಟಿಮೀಟರು, ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಅಂಗೈಯಲ್ಲಿ ಒಂದು ದಿನ ಕೂರುವುದಾದರೆ ಅದು ಯೋಜನೆ ಹಾಕುವುದಕ್ಕೆ ಒದಗುವ ನಕ್ಷೆ. ದಾರಿ ಹುಡುಕುವುದಕ್ಕೆ ಅದೂ ಸಾಲದು. ಅದಕ್ಕೆ 1:2,00,000 ಇಲ್ಲವೇ ಅದಕ್ಕಿಂತ ದೊಡ್ಡ ಸ್ಕೇಲು ಬೇಕು, ದಿನಕ್ಕೆ ಮೂವತ್ತೇಳು ಸೆಂಟಿಮೀಟರಿನಷ್ಟು.

ಸ್ಕೇಲು ಸಣ್ಣದಾದಾಗ ಏನೇನು ಕಳೆದುಹೋಗುತ್ತದೆ ಅನ್ನುವುದನ್ನು ನಮ್ಮ ಕಡೆಯವರು ಆಗುಂಬೆಯಿಂದ ಚೆನ್ನಾಗಿ ತಿಳಿಯಬಹುದು. ಸೋಮೇಶ್ವರದಿಂದ ಆಗುಂಬೆಗೆ ಹತ್ತು ಕಿಲೋಮೀಟರ್ ಆಸುಪಾಸು. ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಹದಿನೈದು ಲಕ್ಷದ ಸ್ಕೇಲಿನಲ್ಲಿ ಅಷ್ಟೂ ಘಟ್ಟಕ್ಕೆ ಸಿಗುವ ಜಾಗ 7 ಮಿಲಿಮೀಟರು. ಅಷ್ಟರಲ್ಲಿ ಹದಿನಾಲ್ಕು ತಿರುವುಗಳನ್ನು ಯಾವ ಕಲಾವಿದನೂ ಬರೆಯಲಾರ. ಒಂದೆರಡು ಸೊಟ್ಟ ಹಾಕಿ ಬಿಡುತ್ತಾನೆ. ಇದು ಮೋಸವಲ್ಲ, ನಕ್ಷೆ ಬರೆಯುವ ವಿದ್ಯೆಯೇ ಹಾಗೆ. ಸಣ್ಣ ಜಾಗದಲ್ಲಿ ಏನನ್ನು ಬಿಡಬೇಕು ಅನ್ನುವುದೇ ಆ ವಿದ್ಯೆಯ ಅರ್ಧ. ಕಾರಿನವರಿಗೆ ಇದರಿಂದ ಇಪ್ಪತ್ತು ನಿಮಿಷದ ವ್ಯತ್ಯಾಸವಾದೀತು. ಸೈಕಲ್ಲಿನವರಿಗೆ ಅರ್ಧ ದಿನ.

ಇಲ್ಲಿ ಅಂಥ ಪರೀಕ್ಷೆ ಗೆರಿಕ್ ಮತ್ತು ಜೆಲಿ ನಡುವೆ ಕಾದಿದೆ. ಪೂರ್ವ-ಪಶ್ಚಿಮ ಹೆದ್ದಾರಿ, ಫೆಡರಲ್ ರಸ್ತೆ 4. ಕೆಲಸ ಶುರುವಾದದ್ದು 1970ರಲ್ಲಿ, ವಾಹನಗಳಿಗೆ ತೆರೆದದ್ದು 1982ರಲ್ಲಿ. ಕಾಡಿನಲ್ಲಿದ್ದ ಕಮ್ಯುನಿಸ್ಟ್ ಗೆರಿಲ್ಲಾಗಳ ದಾಳಿಯ ನಡುವೆಯೇ ಕಟ್ಟಿದ ರಸ್ತೆ. ನೂರು ಕಿಲೋಮೀಟರಿಗೂ ಮೇಲ್ಪಟ್ಟ ಉದ್ದ, ಸಾವಿರ ಮೀಟರಿನ ಆಸುಪಾಸಿನ ಎತ್ತರ, ನಡುವೆ ತೆಮೆಂಗೋರ್ ಜಲಾಶಯ, ಆನೆ ದಾಟುವ ಜಾಗವೆಂದು ಎಚ್ಚರಿಸುವ ಫಲಕಗಳು. ನಕ್ಷೆಯಲ್ಲಿ ಇದೂ ಒಂದು ಕೆಂಪು ಗೆರೆ, ಕ್ಲಾಂಗ್‌ನ ಹೊರವಲಯದಲ್ಲಿ ಲಾರಿಗಳು ನುಗ್ಗುವ ರಸ್ತೆ 5 ಕೂಡ ಅದೇ ಕೆಂಪು. ಬಣ್ಣ ಹೇಳುವುದು ರಸ್ತೆಯ ದರ್ಜೆಯನ್ನು. ತುಳಿಯುವವರ ಪಾಡನ್ನು ಬೇರೆ ಗುರುತುಗಳಿಂದ ಓದಿಕೊಳ್ಳಬೇಕು.

ಅದನ್ನು ಓದುವ ಒಂದು ಉಪಾಯವನ್ನು ನಾನು ಬಹಳ ನೆಚ್ಚಿಕೊಂಡಿದ್ದೇನೆ. ಸಮೋನ್ನತ ರೇಖೆಗಳಿಲ್ಲದ ನಕ್ಷೆಯಲ್ಲಿ ನೀಲಿ ಗೆರೆಗಳನ್ನು ನೋಡಬೇಕು. ರಸ್ತೆ ಒಂದು ಹೊಳೆಯ ಜೊತೆಜೊತೆಗೇ ಮೇಲಕ್ಕೆ ಹೋಗುತ್ತಿದ್ದರೆ ಏರು ನಿಧಾನ, ಒಂದೇ ಸಮ; ಕಾಲು ಹೊಂದಿಕೊಳ್ಳುತ್ತದೆ. ರಸ್ತೆ ಹೊಳೆ ತೊರೆಗಳನ್ನು ಒಂದಾದ ಮೇಲೊಂದು ಅಡ್ಡ ಕತ್ತರಿಸುತ್ತಿದ್ದರೆ ಪ್ರತಿ ಹೊಳೆಗೂ ಒಂದು ಇಳಿತ, ಮತ್ತೆ ಒಂದು ಏರು. ದಿನದ ಕೊನೆಗೆ ಒಟ್ಟು ಎತ್ತರ ಕೂಡಿದರೆ ಘಟ್ಟ ಹತ್ತಿದಷ್ಟೇ ಆಗಿರುತ್ತದೆ, ಮೇಲೆ ಮುಟ್ಟಿದ ಸಂತೋಷ ಮಾತ್ರ ಇರುವುದಿಲ್ಲ. ಕ್ವಾಲಾ ಕುಬು ಬಾರುವಿನಿಂದ ಫ್ರೇಸರ್ಸ್ ಹಿಲ್ ಕಡೆಗೆ ಹೋಗುವ ರಸ್ತೆ 55 ಮೊದಲನೆಯ ಜಾತಿಯದು. ಸೆಲಂಗೋರ್ ನದಿಯ ಅಣೆಕಟ್ಟೆಯ ಹಿನ್ನೀರಿನ ಪಕ್ಕದಿಂದ ಹಿಡಿದು ಕಣಿವೆಯೊಳಗೇ ಏರುತ್ತದೆ. ಕ್ವಾಲಾಲಂಪುರದ ಸೈಕಲ್ಲಿನವರಿಗೆಲ್ಲ ಅದು ಪ್ರೀತಿಯ ರಸ್ತೆ ಆಗಿರುವುದಕ್ಕೆ ಕಾರಣ ಇದೇ ಅಂತ ನನ್ನ ಎಣಿಕೆ.

ರಸ್ತೆ ಸಂಖ್ಯೆ ಮುದ್ರಿಸದ ನಕ್ಷೆಯನ್ನು ನಾನು ಕೊಳ್ಳುವುದಿಲ್ಲ. ಈ ದೇಶದಲ್ಲಿ ಸಂಖ್ಯೆಗಳ ಪದ್ಧತಿ ಅಚ್ಚುಕಟ್ಟಾಗಿದೆ. ಬರೀ ಅಂಕಿ ಇದ್ದರೆ ಫೆಡರಲ್ ರಸ್ತೆ. ಮುಂದೆ ಅಕ್ಷರ ಇದ್ದರೆ ರಾಜ್ಯದ ರಸ್ತೆ. ಸೆಲಂಗೋರಿಗೆ ಬಿ, ಪೆರಾಕಿಗೆ ಎ, ಕೆಲಂತಾನಿಗೆ ಡಿ, ತೆರೆಂಗಾನುವಿಗೆ ಟಿ, ಪಹಾಂಗಿಗೆ ಸಿ. ಇ ಅಕ್ಷರ ಬಂದರೆ ಎಕ್ಸ್‌ಪ್ರೆಸ್‌ವೇ, ಅಲ್ಲಿ ಸೈಕಲ್ಲಿಗೆ ಪ್ರವೇಶ ಇಲ್ಲ. ಅಕ್ಷರದ ರಸ್ತೆಗಳೇ ನಮಗೆ ಬೇಕಾದವು: ಕಿರಿದು, ನೆರಳು ಹೆಚ್ಚು, ಹಳ್ಳಿಯ ಒಳಗಿನಿಂದ ಹೋಗುವಂಥವು. ಸಂಖ್ಯೆ ಗೊತ್ತಿದ್ದರೆ ಫಲಕ ನೋಡಿದ ಕೂಡಲೇ ಸಂದೇಹ ತೀರುತ್ತದೆ, ಭಾಷೆ ಬರದಿದ್ದರೂ ನಡೆಯುತ್ತದೆ.

ನಕ್ಷೆ ಹಳೆಯದಾದರೆ ಕೆಟ್ಟದ್ದು ಅನ್ನುವ ಮಾತನ್ನು ಕಾರಿನವರು ನಂಬಲಿ, ಸೈಕಲ್ಲಿನವರು ನಂಬಬೇಕಾಗಿಲ್ಲ. 1994ರಲ್ಲಿ ಉತ್ತರ-ದಕ್ಷಿಣ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ ದೂರದ ವಾಹನಗಳಲ್ಲಿ ಬಹುಪಾಲು ಅತ್ತ ಹೋದವು. ಅದುವರೆಗೆ ಹೆದ್ದಾರಿಯಾಗಿದ್ದ ರಸ್ತೆ 1 ತಾಪಾ, ಕಂಪಾರ್ ಮುಂತಾದ ಪೇಟೆಗಳ ನಡುವೆ ಉಳಿದುಕೊಂಡಿತು. ಹಳೆಯ ನಕ್ಷೆಯಲ್ಲಿ ದಪ್ಪಗೆ ಕಾಣುವ ಇಂಥ ರಸ್ತೆಗಳ ಬದಿಯಲ್ಲೇ ಹಳೆಯ ಕಾಫಿ ಅಂಗಡಿಗಳು, ಅಗ್ಗದ ಹೋಟೆಲುಗಳು, ಸೈಕಲ್ ರಿಪೇರಿಯವರು ಇರುವುದು. ಹೊಸ ನಕ್ಷೆಯಲ್ಲಿ ಎಕ್ಸ್‌ಪ್ರೆಸ್‌ವೇಯ ಹಸಿರು ಪಟ್ಟಿ ಇವುಗಳ ಮೇಲೆ ಮಲಗಿ ಹೆಸರುಗಳನ್ನು ಪಕ್ಕಕ್ಕೆ ನೂಕಿರುತ್ತದೆ.

ಈ ಪರ್ಯಾಯದ್ವೀಪದಲ್ಲಿ ಡಾಂಬರು ರಸ್ತೆಗಳು ಇಷ್ಟು ದಟ್ಟವಾಗಿ ಇರುವುದಕ್ಕೂ ಸೈಕಲ್ಲಿಗೂ ಹಳೆಯ ನಂಟಿದೆ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಮಾಡಿದ ಮೇಲೆ ಯುರೋಪಿನಲ್ಲಿ ಸೈಕಲ್ಲಿನ ಹುಚ್ಚು ಹತ್ತಿತು, ರಬ್ಬರಿಗೆ ಬೇಡಿಕೆ ಏರಿತು, ಆಮೇಲೆ ಕಾರು ಬಂದು ಅದನ್ನು ಇನ್ನೂ ಏರಿಸಿತು. ಬ್ರೆಜಿಲಿನ ಬೀಜದಿಂದ ಲಂಡನ್ನಿನ ಕ್ಯೂ ತೋಟದಲ್ಲಿ ಮೊಳೆತ ರಬ್ಬರ್ ಸಸಿಗಳು 1877ರಲ್ಲಿ ಸಿಂಗಪುರಕ್ಕೆ ಬಂದಿದ್ದವು. ಅವುಗಳ ಸಂತತಿ ಮಲಯದ ಕಾಡನ್ನೆಲ್ಲ ತೋಟ ಮಾಡಿತು. ತೋಟದಿಂದ ರೈಲಿಗೆ, ತವರದ ಗಣಿಯಿಂದ ಬಂದರಿಗೆ ರಸ್ತೆಗಳಾದವು. ನಾನಿರುವ ಈ ಊರಿನ ನೆಲವೂ ಸೀಫೀಲ್ಡ್ ಎಂಬ ತೋಟವಾಗಿತ್ತು. 1970ರ ದಶಕದಲ್ಲಿ ಮನೆಗಳ ಊರಾಗತೊಡಗಿತು, 2020ರಲ್ಲಿ ಮಹಾನಗರದ ಪಟ್ಟ ಪಡೆಯಿತು. ತೋಟ, ಗಣಿಗಳಿಗೆಂದು ಆದ ಆ ರಸ್ತೆಗಳ ಮೇಲೆಯೇ 1941ರ ಡಿಸೆಂಬರಿನಲ್ಲಿ ಜಪಾನಿನ ಸೈನಿಕರು ಸಾವಿರಾರು ಸೈಕಲ್ಲುಗಳಲ್ಲಿ ಇಳಿದು ಬಂದರು. ಡಿಸೆಂಬರ್ 8ಕ್ಕೆ ಕೋಟಾ ಬಾರುವಿನ ಕಡಲತೀರಕ್ಕೆ ಕಾಲಿಟ್ಟವರು ಫೆಬ್ರವರಿ 15ಕ್ಕೆ ಸಿಂಗಪುರವನ್ನು ಹಿಡಿದರು. ನಾವು ಸುಖಕ್ಕೆಂದು ತುಳಿಯುವ ದಾರಿಯಲ್ಲಿ ಇಷ್ಟು ಜನರ ಬೆವರು, ರಕ್ತ ಇಂಗಿದೆ; ಇದನ್ನು ತಿಳಿದು ತುಳಿಯಬೇಕು.

ಸೈಕಲ್ಲಿನವರು ನಕ್ಷೆಯನ್ನು ಕೊಳ್ಳುವವರಷ್ಟೇ ಆಗಿರಲಿಲ್ಲ, ತಿದ್ದುವವರೂ ಆಗಿದ್ದರು. ಬ್ರಿಟನ್ನಿನಲ್ಲಿ ಎಡಿನ್‌ಬರೋದ ಬಾರ್ಥಲೊಮ್ಯು ಮನೆತನದವರು ಮೈಲಿಗೆ ಅರ್ಧ ಇಂಚಿನ ಪ್ರಖ್ಯಾತ ನಕ್ಷೆಗಳನ್ನು ಮುದ್ರಿಸುತ್ತಿದ್ದಾಗ ರಸ್ತೆಗಳ ಸ್ಥಿತಿಗತಿಯನ್ನು ತಿಳಿಸಿ ತಿದ್ದಿಸಿದವರು 1878ರಲ್ಲಿ ಹುಟ್ಟಿದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ಬಿನ ಸದಸ್ಯರು. ಎತ್ತರ ಹೆಚ್ಚಿದಂತೆ ಹಸಿರಿನಿಂದ ಕಂದಿಗೆ ಹೋಗುವ ಅದರ ಬಣ್ಣಗಳನ್ನು ನೋಡಿದರೆ ಯಾವ ದಿನ ಮೈ ಬೆವರುತ್ತದೆ ಅಂತ ದೂರದಿಂದಲೇ ತಿಳಿಯುತ್ತಿತ್ತು. ಫ್ರಾನ್ಸಿನ ಮಿಶೆಲಿನ್ ಕಂಪನಿ ಕಾರಿನ ಟೈರಿಗಿಂತ ಮುಂಚೆ ಹೆಸರು ಮಾಡಿದ್ದು 1891ರಲ್ಲಿ, ಬಿಚ್ಚಿ ಹಾಕಬಹುದಾದ ಸೈಕಲ್ ಟೈರಿನಿಂದ. ಅವರ 1:2,00,000 ನಕ್ಷೆಯಲ್ಲಿ ರಸ್ತೆಯ ಮೇಲೆ ಸಣ್ಣ ಬಾಣದ ಗುರುತುಗಳಿರುತ್ತವೆ. ಒಂದು ಬಾಣವಿದ್ದರೆ ಏರು, ಎರಡಿದ್ದರೆ ಕಡಿದಾದ ಏರು, ಮೂರಿದ್ದರೆ ಇಳಿದು ತಳ್ಳುವ ಏರು ಅಂತ ನಾನು ಓದಿಕೊಳ್ಳುತ್ತೇನೆ. ಚೆಲುವಾದ ರಸ್ತೆಯ ಪಕ್ಕದಲ್ಲಿ ಹಸಿರು ಅಂಚು. ಮಲೇಷ್ಯಾಕ್ಕೂ, ನಮ್ಮ ಕರ್ನಾಟಕಕ್ಕೂ ಇಂಥದೊಂದು ನಕ್ಷೆ ಬೇಕು ಅನ್ನುವ ಆಸೆ ನನಗೆ ಬಹಳ ವರ್ಷಗಳಿಂದ ಇದೆ. ಕುದುರೆಮುಖದ ರಸ್ತೆಗೆ, ಕೊಡಚಾದ್ರಿ ತಪ್ಪಲಿಗೆ, ಬಿಸಿಲೆಗೆ ಆ ಹಸಿರು ಅಂಚು ಎಷ್ಟು ಒಪ್ಪುತ್ತದೆ!

ದೊಡ್ಡ ಸ್ಕೇಲಿನ ನಕ್ಷೆಗಳು ಇಲ್ಲವೆಂದಲ್ಲ. ಜುಪೆಂ ಎಂದು ಕರೆಯುವ ಇಲ್ಲಿನ ಸರ್ವೇ ಇಲಾಖೆ 1:50,000ದ ಹಾಳೆಗಳನ್ನು ತಯಾರಿಸುತ್ತದೆ. ಆದರೆ ಅವು ನಿರ್ಬಂಧಿತ ವರ್ಗದವು, ಅಂಗಡಿಯಲ್ಲಿ ಕೊಂಡು ಬ್ಯಾಗಿಗೆ ಹಾಕಿಕೊಳ್ಳುವ ವಸ್ತುವಲ್ಲ. ಪಶ್ಚಿಮ ಘಟ್ಟದಲ್ಲಿ ಚಾರಣ ಮಾಡಿದವರಿಗೆ ಈ ಕಷ್ಟ ಹೊಸದಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟಿನ ಮಸುಕಾದ ಜೆರಾಕ್ಸ್ ಒಂದು ಕೈಯಿಂದ ಕೈಗೆ ದಾಟುತ್ತಿದ್ದ ಕಾಲ ನಮಗೆ ಗೊತ್ತು. ಕರಾವಳಿ ಮತ್ತು ಗಡಿಯ ಹಾಳೆಗಳಿಗಂತೂ ಅನುಮತಿ ಬೇಕಿತ್ತು. 2005ರ ನಕ್ಷೆ ನೀತಿ ಸಾರ್ವಜನಿಕರಿಗೆಂದು ಬೇರೆ ಸರಣಿ ಮಾಡಿತು, 2021ರಲ್ಲಿ ಕಟ್ಟುಗಳು ಇನ್ನೂ ಸಡಿಲಾದವು. ಉಪಗ್ರಹದ ಕಣ್ಣಿಗೆ ಪ್ರತಿ ಮನೆಯ ಮಾಡು ಕಾಣುವ ಈ ಕಾಲದಲ್ಲಿ, ನಡೆಯುವವರಿಗೂ ತುಳಿಯುವವರಿಗೂ ಅವರದೇ ನೆಲದ ಒಳ್ಳೆಯ ನಕ್ಷೆಯನ್ನು ಕೊಡದೆ ಇಡುವುದು ಯಾರಿಗೂ ಉಪಕಾರ ಮಾಡುವುದಿಲ್ಲ ಅಂತ ನಾನು ನಂಬಿದ್ದೇನೆ.

ಈ ಕೊರತೆಯನ್ನು ತುಂಬಿಕೊಳ್ಳುವ ದಾರಿ ಒಂದಿದೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸಾಮಾನ್ಯ ಜನರೇ ಸೇರಿ ಬರೆಯುವ ನಕ್ಷೆ. ಅದರಿಂದ ಬೇಕಾದ ಭಾಗವನ್ನು 1:1,00,000 ಸ್ಕೇಲಿಗೆ ಹೊಂದಿಸಿ ಎ4 ಹಾಳೆಯಲ್ಲಿ ಮುದ್ರಿಸಬಹುದು. ಒಂದು ಹಾಳೆಗೆ ಅಗಲ 21, ಉದ್ದ 29 ಕಿಲೋಮೀಟರು. ಇಡೀ ಪ್ರವಾಸಕ್ಕೆ ಇದು ಬೇಡ, ಕಟ್ಟೇ ಆದೀತು. ತೊಡಕಿನ ಜಾಗಗಳಿಗೆ ಮಾತ್ರ ಸಾಕು. ಸುಬಾಂಗ್ ಜಯಾದಿಂದ ಕ್ಲಾಂಗ್ ದಾಟುವ ತನಕ ಒಂದು. ತಂಜೋಂಗ್ ಕರಾಂಗ್‌ನಿಂದ ಸೆಕಿಂಚಾನ್ ತನಕ ಒಂದು: ಅಲ್ಲಿ ರಸ್ತೆ 5ರ ಒಳಬದಿಗೆ ಗದ್ದೆಬಯಲು ಹರಡಿದೆ, ನೀರಾವರಿಯ ಮುಖ್ಯ ಕಾಲುವೆಯ ಏರಿಯ ಮೇಲೆ ಹೆದ್ದಾರಿಗೆ ಸಮಾನಾಂತರವಾಗಿ ದಾರಿ ಇದೆ. ಐದು ಕಿಲೋಮೀಟರ್ ಆಚೀಚಿನ ಈ ಅಂತರ ಆರೂವರೆ ಲಕ್ಷದ ನಕ್ಷೆಯಲ್ಲಿ 8 ಮಿಲಿಮೀಟರೂ ಆಗುವುದಿಲ್ಲ. ಲಾರಿಯ ಹೊಗೆ ಒಂದು ಕಡೆ, ಬೆಳ್ಳಕ್ಕಿ ಇಳಿಯುವ ಗದ್ದೆ ಇನ್ನೊಂದು ಕಡೆ, ನಡುವೆ ಅಷ್ಟೇ.

ಮುದ್ರಿಸಿದ ಮೇಲೆ ಪೆನ್ಸಿಲ್ ಹಿಡಿಯಬೇಕು. ಪೆನ್ನಿನ ಶಾಯಿ ಬೆವರಿಗೆ ಹರಡುತ್ತದೆ. ನೀರು ಸಿಗುವ ಜಾಗ, ಶೌಚಾಲಯ ಇರುವ ಪೆಟ್ರೋಲ್ ಬಂಕು, ಮಳೆಗೆ ನಿಲ್ಲಬಹುದಾದ ಮಸೀದಿ ಇಲ್ಲವೇ ದೇವಸ್ಥಾನ, ಸೈಕಲ್ ಅಂಗಡಿ ಇರುವ ಪೇಟೆ, ಇವಿಷ್ಟನ್ನು ನಾನು ಗುರುತು ಮಾಡಿಕೊಳ್ಳುತ್ತೇನೆ. ಗೆರಿಕ್-ಜೆಲಿ ದಾರಿಗೆಂದು ಮುದ್ರಿಸಿ ಜೋಡಿಸಿದ ಹಾಳೆಗಳಲ್ಲಿ ಎಲ್ಲಿ ಏನೂ ಸಿಗುವುದಿಲ್ಲ ಅನ್ನುವುದೇ ಮುಖ್ಯ ಗುರುತು. ದಾವಣಗೆರೆ ಹುಡುಗ ಆ ಹಾಳೆಗಳ ಮೇಲೆ ಗೆರಿಕ್‌ನಿಂದ ಜಲಾಶಯದ ಸೇತುವೆ ತನಕ ದಾರ ಇಟ್ಟು ಅಳೆದ, ಸೇತುವೆಯಿಂದ ಜೆಲಿ ತನಕ ಮತ್ತೊಮ್ಮೆ ಅಳೆದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಇದನ್ನ ಎರಡು ದಿನ ಮಾಡೋಣ" ಅಂದ. ಫೋನು ಅದನ್ನು ಒಂದೇ ದಿನಕ್ಕೆ ಹೇಳಿತ್ತು.

ಕಾಗದದ ಗುಣವನ್ನೂ ನೋಡಬೇಕು. ಇಲ್ಲಿನ ಹವೆಯಲ್ಲಿ ಸಾಧಾರಣ ಕಾಗದ ವಾರದಲ್ಲಿ ಮೆತ್ತಗಾಗುತ್ತದೆ. ಮೊದಲು ಹರಿಯುವುದು ಎರಡು ಮಡಿಕೆಗಳು ಕೂಡುವ ಮೂಲೆ, ನಮಗೆ ಬೇಕಾದ ಊರು ಅದೇ ಮೂಲೆಯಲ್ಲಿರುತ್ತದೆ. ಜರ್ಮನಿಯ ರೈಸೆ ನೋ-ಹೌ ಪ್ರಕಾಶನದವರು ಪ್ಲಾಸ್ಟಿಕ್ಕಿನಂಥ, ಹರಿಯದ, ನೆನೆಯದ ಹಾಳೆಯಲ್ಲಿ ಮುದ್ರಿಸುತ್ತಾರೆ. ಮಳೆಸೀಮೆಗೆ ಅದು ಹೇಳಿ ಮಾಡಿಸಿದ್ದು. ಬೇರೆ ನಕ್ಷೆಯಾದರೆ ಹೊರಡುವ ಮುಂಚೆಯೇ ಹಿಂಬದಿಯಿಂದ ಮಡಿಕೆಗಳ ಮೇಲೆ ಟೇಪು ಅಂಟಿಸಿ. ಮತ್ತೆ ಅಂಗಡಿಯವರು ಮಡಿಸಿಕೊಟ್ಟ ಹಾಗೆಯೇ ಇಟ್ಟುಕೊಳ್ಳಬೇಡಿ. ಆ ದಿನದ ದಾರಿ ಮೇಲೆ ಬರುವಂತೆ ಮಡಿಸಿ ಹ್ಯಾಂಡಲ್ ಬ್ಯಾಗಿನ ಪಾರದರ್ಶಕ ಜೇಬಿಗೆ ಹಾಕಿ. ದಿಕ್ಕಿಗೆ ತಕ್ಕ ಹಾಗೆ ಅದನ್ನು ತಿರುಗಿಸಿಟ್ಟುಕೊಂಡರೂ ತಪ್ಪಿಲ್ಲ.

ಇನ್ನೊಂದು ಮಾತು ನನ್ನ ಹೆಂಡತಿಯದು. ನಕ್ಷೆ ತಂದ ದಿನ ಅವಳು ಅದನ್ನು ಊಟದ ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ರೀ, ನೀವು ಇದನ್ನ ತಗೊಂಡು ಹೋದ್ರೆ ನಾವು ಏನು ನೋಡೋದು?" ಅಂದಳು. ಫೋನಿನಲ್ಲಿ ನಾನಿರುವ ಜಾಗದ ಚುಕ್ಕೆ ಅವಳಿಗೆ ಕಾಣುತ್ತದೆ, ನಿಜ. ಅದರಿಂದ ಅವಳಿಗೆ ಸಮಾಧಾನ ಇಲ್ಲ. ನಿನ್ನೆ ಎಲ್ಲಿದ್ದೆ, ನಾಳೆ ಎಲ್ಲಿರುತ್ತೇನೆ, ಮನೆಯಿಂದ ಎಷ್ಟು ದೂರ, ಹತ್ತಿರದ ದೊಡ್ಡಾಸ್ಪತ್ರೆಯ ಊರು ಯಾವುದು, ಇವನ್ನು ಅವಳು ಒಂದೇ ನೋಟದಲ್ಲಿ ನೋಡಬೇಕು. ಈಗ ಅದೇ ನಕ್ಷೆಯ ಇನ್ನೊಂದು ಪ್ರತಿ ಅಡುಗೆಮನೆಯ ಗೋಡೆಯಲ್ಲಿದೆ. ಮಗಳು ಪಿನ್ನುಗಳನ್ನು ತಂದಿಟ್ಟಿದ್ದಾಳೆ, ತೀರ್ಥಹಳ್ಳಿಯಿಂದ ಬಂದಿರುವ ಅತ್ತೆಯವರು ಊರುಗಳ ಹೆಸರನ್ನು ಕೂಡಿಸಿ ಓದಿ ಬಾಯಿಪಾಠ ಮಾಡುತ್ತಿದ್ದಾರೆ.

ನೀವೂ ಈ ಕಡೆ ಸೈಕಲ್ ತರುವುದಾದರೆ ನವೆಂಬರಿನಿಂದ ಫೆಬ್ರವರಿಯ ತನಕ ಪೂರ್ವ ಕರಾವಳಿಯನ್ನು ಬಿಟ್ಟುಬಿಡಿ, ಈಶಾನ್ಯ ಮಾರುತದ ಮಳೆಗೆ ಕೆಲಂತಾನ್, ತೆರೆಂಗಾನುಗಳಲ್ಲಿ ನೆರೆ ಬರುತ್ತದೆ. ಆರೂವರೆ ಲಕ್ಷದಷ್ಟಾದರೂ ಸ್ಕೇಲಿರುವ, ರಸ್ತೆ ಸಂಖ್ಯೆಗಳನ್ನೂ ಹೊಳೆಗಳನ್ನೂ ಬಿಡದೆ ತೋರಿಸುವ ನಕ್ಷೆಯನ್ನು ಊರಿನಿಂದ ಹೊರಡುವ ಮುಂಚೆಯೇ ತರಿಸಿಕೊಳ್ಳಿ. ತರಿಸುವಾಗ ಎರಡು ತರಿಸಿ; ಒಂದು ನಿಮಗೆ, ಒಂದು ಮನೆಯಲ್ಲಿರುವವರಿಗೆ.